ಎರಡನೇ ಸವಟು

ಪಲ್ಯಾಕ್ಕ, ಹಿಂಡಿಗೆ, ಹೋಳಿಗಿಗೆ ಬೀಳೂ ಶೇಂಗಾ
ಒಂದು ಕೂಸಿಗೆ ವಿಷ ಅಂದರ
ನಮ್ಮ ನರೇಗಲ್ಲಿನಾಗ ಯಾರು ನಂಬ್ಯಾರು?
ನಾನೂ ನಕ್ಕಿದ್ದೆ.

ತತ್ತಿ ಒಲ್ಲದವರಿಗೆ ಚಿಕ್ಕಿ ಹಂಚಿದ ದಿನ
ಇಂದುಮತಿಯ ತುಟಿ ಬಾತವು,
ಉಸಿರು ಸೀಟಿ ಹೊಡೀತು.
ಹೆಡ್‌ಮಾಸ್ತರ ಬೈಕಿನ ಮ್ಯಾಲೆ
ಆಕಿನ್ನ ಅವಚಿಕೊಂಡು ಕುಂತಾಗ
ನನ್ನ ಬೊಟ್ಟಿನ ವಾಸನಿಗೆ ನಾನ ಅಂಜಿದೆ.

ಈಗ ಆಕಿ ಸವಟು ಬ್ಯಾರೆ,
ಹಿಡಿಕಿಗೆ ಕೆಂಪು ದಾರ.
ಔಷಧಿ ಇಟ್ಟ ಕಪಾಟಿಗೆ ಕೀಲಿ ಹಾಕೂದಿಲ್ಲ.
ಸಾಲಿ ಇದ್ದ ದಿನ
ಮನ್ಯಾಗೂ ನಾ ಹಿಂಡಿ ಮುಟ್ಟೂದಿಲ್ಲ.
ಗಂಡ ಕೇಳ್ತಾನ,
ಇದು ಯಾವ ದೇವರ ಹರಕಿ?

ನಿನ್ನಿ ಫಕೀರೇಶಿ
ತಾಟು ಕೆಳಗಿಟ್ಟು
ಎರಡೂ ಅಂಗೈ ನನ್ನ ಮೂಗಿಗೆ ಹಿಡದ:
"ಮೂಸಿ ನೋಡಬೇ ಯಕ್ಕಾ,
ಆಕಿ ಹಂತೇಕ ಕುಂದ್ರಲೇನು?"