ಮೇ ಮೂವತ್ತೊಂದು, ಬೈತಖೋಲ

ನಾಳೆಯಿಂದ ಬೋಟು ಕಡಲಿಗಿಳಿಯುವಂತಿಲ್ಲ.
ಎರಡು ತಿಂಗಳು ನನ್ನ ಬಿಸಿನೀರಿಗೂ ಗಿರಾಕಿಯಿಲ್ಲ.
ಹಿತ್ತಲ ಬಾಯ್ಲರು ನಿನ್ನೆ ರಾತ್ರಿಯೇ ಆರಿದೆ,
ಮುಟ್ಟಿದರೆ ಇನ್ನೂ ಬೆಚ್ಚಗೆ,
ಈಗಷ್ಟೇ ಕರೆದ ಹಾಲಿನ ತಂಬಿಗೆಯ ಹಾಗೆ.

ಅಣ್ಣ ಉಲ್ಲಾಸ ಕಟ್ಟಿಕೊಟ್ಟದ್ದು.
ಮುಳುಗಿದ ಟ್ರಾಲರಿನ ಪಂಪು, ಗುಜರಿಯ ಡ್ರಮ್ಮು,
ಹುಬ್ಬಳ್ಳಿಯಿಂದ ಬಸ್ಸಿನ ಟಾಪಿನ ಮೇಲೆ ಬಂದ ಬರ್ನರು.
ಬಕೆಟ್ಟಿಗೆ ಹದಿನೈದು ರೂಪಾಯಿ, ಸೋಪು ಅವರವರದು.
ವಾರಗಟ್ಟಲೆ ಉಪ್ಪಿನಲ್ಲಿ ನೆನೆದ ಹುಡುಗರು
ಮೀನಿಳಿಸಿ ನೇರ ಇಲ್ಲಿಗೇ ಬರುತ್ತಾರೆ,
ಹೆಗಲ ಮೇಲೆ ಟವೆಲ್ಲು, ಮೊಣಕೈವರೆಗೆ ಪೊರೆ.

ಅಣ್ಣ ಈಗ ಕಾಂಡ್ಲಾದಲ್ಲಿ, ಡ್ರೆಜರಿನ ಮೇಲೆ.
ಫೋನಿನಲ್ಲೇ ಬಯ್ಯುತ್ತಾನೆ:
ಮಸಿಗೆ ಶಾಪ ಹಾಕಬೇಡ ಶೇವಂತಿ, ಮಸಿಯನ್ನು ಓದು.
ಹತ್ತಿಯ ಹಾಗೆ ಹಾರಿದರೆ ಬೆಂಕಿಗೆ ಉಸಿರು ಸಾಲದು.
ಬೆರಳಿಗೆ ಜಿಡ್ಡಾಗಿ ಅಂಟಿದರೆ ನಾಝಲ್ಲು ಸವೆದಿದೆ,
ಎಣ್ಣೆ ಮಂಜಾಗದೆ ಹನಿಹನಿ ಬೀಳುತ್ತಿದೆ.

ನಾನು ಓದಿದ್ದು ಏಳನೇ ಇಯತ್ತೆ.
ಮಸಿ ಓದಲು ಬರಲಿಲ್ಲ.
ಪಡುವಣ ಗಾಳಿ ನುಗ್ಗಿ ಜ್ವಾಲೆ ನಂದಿಸುತ್ತದೆಂದು
ಗೋಡೆಯ ಕಿಂಡಿಗೆ ಬಿಸ್ಕೀಟಿನ ತಗಡು ಬಡಿದೆ.
ಅದೇ ವಾರ ಮಗ್ದಾಲಿನ ಬಾಯಿ
ಒಣಗಿಸಿಟ್ಟ ಬಂಗಡೆಯ ಬುಟ್ಟಿ ಹೊತ್ತು ತಂದು
ನನ್ನ ಹೊಸ್ತಿಲಲ್ಲಿಟ್ಟು ಹೋದಳು, ಮಾತಿಲ್ಲ.
ಪ್ರತಿ ಮೀನಿಗೂ ಕರಿ ಚುಕ್ಕೆ,
ದೃಷ್ಟಿ ತೆಗೆದ ಮಗುವಿನ ಹಾಗೆ.
ಬುಟ್ಟಿಯ ದುಡ್ಡು ಕೊಟ್ಟೆ.
ಹನ್ನೊಂದು ದಿನ ಡೀಸೆಲ್ಲಿನ ಸಾರು ಉಂಡೆವು.

ಇಷ್ಟಾದರೂ ಕಲಿತೆನೇ? ಇಲ್ಲ.
ಹೋದ ವರ್ಷ ಇದೇ ದಿನ ಬೀಗ ಹಾಕಿ
ಕುಮಟಾಕ್ಕೆ ಅಕ್ಕನ ಬಾಣಂತನಕ್ಕೆ ಹೋಗಿಬಿಟ್ಟೆ,
ಮಸಿ ಹಾಗೇ ಒಳಗೆ.
ಉರಿವ ಬೆಂಕಿ ಕಬ್ಬಿಣವನ್ನು ಅಷ್ಟು ತಿನ್ನುವುದಿಲ್ಲ,
ಮಳೆಗಾಲದ ತೇವ ಕುಡಿದು ಸುಮ್ಮನೆ ಕೂತ ಮಸಿ
ಹುಳಿಯಾಗಿ ತಿನ್ನುತ್ತದೆ.
ಆಗಸ್ಟಿನಲ್ಲಿ ನೀರು ತುಂಬಿದರೆ ಮೂರು ಕಡೆ ಸೋರಿತು.
ಟ್ಯೂಬಿನ ತುದಿ ಹಿಚುಕಿದೆ:
ಹಳೇ ಬೆಲ್ಲ. ಪುಡಿ ಪುಡಿ.
ಆರು ಸಾವಿರ ಎಂದ ವೆಲ್ಡರ್ ಮಕ್ದೂಮ,
ಚಾ ಕುಡಿದು ಐದೂವರೆಗೆ ಇಳಿದ.

ಅದಕ್ಕೇ ಇವತ್ತು
ಮೂಗಿಗೆ ಪಂಚೆ ಕಟ್ಟಿ ಬಾಗಿಲು ಬಿಚ್ಚಿದ್ದೇನೆ.
ಕೈಯಲ್ಲಿ ತಂತಿಯ ಬ್ರಶ್ಶು, ಬಾಟ್ಲಿ ಬ್ರಶ್ಶಿನ ದೊಡ್ಡಪ್ಪ.
ಒಂದೊಂದು ಟ್ಯೂಬಿಗೂ ಆಚೆ ತಳ್ಳು, ಈಚೆ ಎಳೆ.
ಎರಡು ಬಕೆಟ್ಟು ಕಪ್ಪು ಇಳಿಯಿತು, ಹೂವಿನಷ್ಟು ಹಗುರ.
ಒಂದು ಸೀನು ಸಾಕು, ಮತ್ತೆ ಮೊದಲಿನಿಂದ ಗುಡಿಸಬೇಕು.
ತಗಡು ಕಿತ್ತೆ.
ಕಿಂಡಿಯಿಂದ ಬಂದ ಬೆಳಕಿನಲ್ಲಿ
ಗೋಡೆಯ ಬರಹ ಕಂಡಿತು.

ಇದು ನನಗೆ ಗೊತ್ತಿದ್ದದ್ದೇ.
ಸರದಿ ಕಾಯುತ್ತ ಒಡಿಶಾದ ಹುಡುಗರು
ಗೋಡೆಯ ಮಸಿಯಲ್ಲಿ ಬೆರಳಿಂದ ಬರೆದದ್ದು.
ಛತ್ರಿ ಬಿಚ್ಚಿದಂಥ ದುಂಡು ದುಂಡು ಅಕ್ಷರ.
ಊರಿನ ಹೆಸರಿರಬಹುದು, ಹುಡುಗಿಯದಿರಬಹುದು, ದೇವರದೂ.
ಎರಡು ವರ್ಷ ಒರೆಸಲು ಮನಸ್ಸು ಬಂದಿರಲಿಲ್ಲ.

ಬಾಕಿ ಮೂವತ್ತು ರೂಪಾಯಿ ಕೊಡಲು ರವೀಂದ್ರೊ ಬಂದ,
ಸಂಜೆಯ ರೈಲಿಗೆ ಚೀಲ ಕಟ್ಟಿಕೊಂಡೇ.
ಓದಿ ಹೇಳು ಅಂದೆ.
ನಾಚಿದ. ಚೀಲ ಈ ಹೆಗಲಿಂದ ಆ ಹೆಗಲಿಗೆ ಹಾಕಿದ.
'ಬಾಯೀ, ಇದು, ನೀರು ತಣ್ಣಗಿದೆ ಅಂತ.'
ಇದು?
'ಇದೂ ಅದೇ.'
ಆ ಮೇಲಿನದು, ಚಂದ ಬರೆದದ್ದು?
'ಹದಿನೈದು ರೂಪಾಯಿ ಜಾಸ್ತಿ ಅಂತ.'

ಕಡ್ಡಿಯ ದಪ್ಪ ಮಸಿ ಟ್ಯೂಬಿಗೆ ಕೂತರೆ
ಬೆಂಕಿಯ ಬಿಸಿ ನೀರಿಗೆ ಮುಟ್ಟುವುದೇ ಇಲ್ಲ,
ಚಿಮಣಿಯಿಂದ ಆಕಾಶಕ್ಕೆ ಹೋಗುತ್ತದೆ.
ಅಣ್ಣ ನೂರು ಸಲ ಹೇಳಿದ್ದ.

ಮೂವತ್ತರಲ್ಲಿ ಹದಿನೈದು ಅವನಿಗೇ ವಾಪಸು ಕೊಟ್ಟೆ.
ಬೇಡ ಅನ್ನಲಿಲ್ಲ ಪುಣ್ಯಾತ್ಮ.
ಟ್ಯೂಬುಗಳಿಗೆ ಹಳೇ ಎಂಜಿನ್ ಆಯಿಲ್ ಸವರಿ,
ಚಿಮಣಿಗೆ ಡಬ್ಬಿ ಬೋರಲು ಹಾಕಿ ಇಳಿದೆ.
ಗೋಡೆ ಇನ್ನೂ ತೊಳೆದಿಲ್ಲ.
ಮೋಡ ದೇವಗಡದ ಆಚೆ ನಿಂತಿದೆ,
ಕತ್ತಲಾಗುವ ಮೊದಲು ಸುಣ್ಣ ಕಲೆಸಬೇಕು.