ಕೈಗಡ

ಕೋಪನ್‌ಹೇಗನ್ನಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ರಾತ್ರಿಯಿಡೀ ಬಿಸ್ಮತ್ತಿನ ತೆಳು ಲೇಪಕ್ಕೆ ಪೆಟ್ಟು.
ಒಂದು ಪರಮಾಣು ಹೀಲಿಯಮ್ಮಿನ ಬೀಜ ನುಂಗಿ
ಎರಡು ನ್ಯೂಟ್ರಾನು ಉಗುಳಿ
ಅಸ್ಟಟೀನ್ ಆಯಿತು.
ಕೈಗಡ ತಂದ ಮೈ. ಇಟ್ಟುಕೊಳ್ಳಲಾರದು.

ಎಸ್ಕಿಲ್ದ್‌ನ ವ್ಯಾನಿನಲ್ಲಿ ಸೀಸದ ಡಬ್ಬಿ,
ಸೀಸದೊಳಗೆ ಸೀಸೆ,
ತಳದಲ್ಲಿ ಗುಟುಕಿಗೂ ಸಾಲದ ನೀರು.
ಏಳು ಗಂಟೆ ಹದಿಮೂರು ನಿಮಿಷಕ್ಕೆ ಅರ್ಧ,
ಮತ್ತಷ್ಟೇ ಹೊತ್ತಿಗೆ ಅರ್ಧದಲ್ಲರ್ಧ.
ಸೇತುವೆಯ ಟೋಲಿನಲ್ಲಿ ನಿಂತ ನಾಲ್ಕು ನಿಮಿಷ
ಯಾರದೋ ಪಾಲಿನಿಂದ ಕಡಿತ.
ಕಾಫಿಗೆ ಇಳಿಯುವ ಹಾಗಿಲ್ಲ.

ಗೋಥೆನ್‌ಬರ್ಗ್. ಗುನ್ವೋರ್,
ಮೂವತ್ತೊಂದು ವರ್ಷ ಟ್ರಾಮ್ ಓಡಿಸಿದವಳು,
ಹೊಟ್ಟೆಗಿಳಿದ ನಳಿಕೆ ನೋಡುತ್ತ ಕೇಳಿದಳು:
‘ಎಲ್ಲಿಯವರೆಗೆ ಹೋಗುತ್ತೆ ಇದು?’
‘ಒಂದು ಕೂದಲಿನ ದಪ್ಪ,’ ಅಂದಳು
ಲೆಕ್ಕ ಹಾಕುವ ಹುಡುಗಿ ರಾಗ್ನ.
‘ಗಂಟು ಹುಡುಕಿ ಅಂಟುವ ಅಣುವಿನ ಬೆನ್ನೇರಿ ಬರುತ್ತೆ.
ಆಮೇಲೆ ಮೂರ್ನಾಲ್ಕು ಜೀವಕೋಶ, ಅಷ್ಟೇ.
ಕಾಗದ ಅಡ್ಡ ಹಿಡಿದರೂ ನಿಲ್ಲುತ್ತೆ.’

‘ಅಷ್ಟು ಸಾಕೆ?’

‘ಭಾರದ್ದು. ನೇರ ನುಗ್ಗಿ
ಎಳೆಯ ಎರಡೂ ಹುರಿ ಕಡಿಯುತ್ತೆ.
ನಿಧಾನವಾದಷ್ಟೂ ಪೆಟ್ಟು ಜೋರು,
ನಿಲ್ಲುವ ಮುನ್ನ ಎಲ್ಲಕ್ಕಿಂತ ಜೋರು.’

ಗುನ್ವೋರ್ ತಲೆದೂಗಿದಳು.
ಸ್ಟಾಪು ಹತ್ತಿರವಾದಲ್ಲೇ
ಹಳಿ ಹೆಚ್ಚು ಸವೆಯುವುದು;
ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ದಣಿದು ನಿಂತ ಆ ಬೀಜ
ಪಕ್ಕದಲ್ಲಿದ್ದವರಿಂದ ಎರಡು ಎಲೆಕ್ಟ್ರಾನು ಎಳೆದುಕೊಂಡು
ಮತ್ತೆ ಬರೀ ಹೀಲಿಯಂ,
ಯಾರ ಗೊಡವೆಗೂ ಹೋಗದ ಗಾಳಿ.
ರಕ್ತ ಹತ್ತಿ, ಶ್ವಾಸಕೋಶ ದಾಟಿ
ಅವಳ ನಿದ್ದೆಯ ಉಸಿರಲ್ಲಿ ಹೊರಗೆ.

ಸ್ಕ್ಯಾನು ಮಾರ್ಚಿಗೆ.
ಅಲ್ಲಿಯವರೆಗೆ ಯಾರೂ ಏನೂ ಹೇಳರು.

ಹಿಂದಿರುಗುವ ದಾರಿಯಲ್ಲಿ, ಹಾಲ್ಮ್‌ಸ್ಟಾಡ್ ಬಳಿ,
ಎಸ್ಕಿಲ್ದ್ ಕಾಫಿಗೆ ನಿಂತಿದ್ದಾನೆ.
ಅವಸರವಿಲ್ಲ.
ಎರಡು ಸಕ್ಕರೆ.