ಹುಳುಕು

ಮೂವತ್ತೆಂಟು ವರ್ಷ ಊರವರ ಬಾಯಿಗೆ ಕನ್ನಡಿ ಹಿಡಿದು
ಹುಳುಕು ಹುಡುಕಿದವಳು ನಾನು.
ಈಗ ಮರದಲ್ಲಿ ಹುಡುಕುತ್ತೇನೆ.
ಅದೇ ಭೂತಗನ್ನಡಿ,
ಹಲ್ಲಿನ ಬೇರಿಗಿಳಿಸುತ್ತಿದ್ದ ಅದೇ ಬಳುಕುವ ಸೂಜಿ.
ಆಗ ಹುಳುಕು ಕಂಡರೆ ಗದರುತ್ತಿದ್ದೆ,
ಈಗ ಕಂಡರೆ ಪರ್ಸು ತೆಗೆಯುತ್ತೇನೆ.

ಹಳೆಯ ಹುಳ ನೆಟ್ಟಗೆ ಕೊರೆಯುವುದಿಲ್ಲ.
ಅದಕ್ಕೆಲ್ಲಿಯ ಅವಸರ?
ಒಂದು ಚಳಿಗಾಲ ಎಡಕ್ಕೆ, ಮನಸ್ಸಾದರೆ ಬಲಕ್ಕೆ.
ಸೂಜಿ ಬಳುಕದೆ ತಳ ಮುಟ್ಟಿತೋ,
ಅದು ಡ್ರಿಲ್ಲಿನ ಕೆಲಸ;
ಚಹಾ ಕುಡಿಸಿ, ಹೊಗೆ ಹಾಕಿ
ನಿನ್ನೆ ರಾತ್ರಿ ಮುದಿಯಾಗಿಸಿದ ಮರ.
ಸಂತೆಯಲ್ಲಿ ಅಂಥದ್ದು ಸಿಕ್ಕರೆ ನಾನು ಜಗಳಕ್ಕಿಳಿಯುವುದಿಲ್ಲ.
ವಯಸ್ಸು ಮುಚ್ಚಿಡುವವರನ್ನು ಬೇಕಾದಷ್ಟು ಕಂಡಿದ್ದೇನೆ,
ಅವರ ದವಡೆ ಮೆಲ್ಲಗೆ ನಿಜ ಹೇಳುತ್ತಿತ್ತು.

ಲ್ಯೂಬ್ಲಿಯಾನಾದ ನನ್ನ ಎರಡು ಕೋಣೆಯ ಮನೆ ತುಂಬ ಮರ:
ನಾರ್ವೆಯ ಬಟ್ಟೆ ತೀಡುವ ಹಲಗೆ, ಹಿಡಿಯ ಬದಲು ಕುದುರೆ
(ಮದುವೆಗೆಂದು ಕೆತ್ತಿದ್ದು, ಹುಡುಗಿ ಒಲ್ಲೆ ಎಂದಳಂತೆ);
ಮೆಕ್ಸಿಕೋದ ಹುಲಿ ಮುಖವಾಡ,
ಒಳಮೈಯಲ್ಲಿ ಯಾರದೋ ಬೆವರಿನ ಉಪ್ಪು;
ಘಾನಾದ ಬಾಚಣಿಗೆ, ಎರಡು ಹಲ್ಲಿಲ್ಲ.
ಕಟ್ಟಿಸಿಕೊಡಬಹುದಿತ್ತು. ಕಟ್ಟಿಸಲಿಲ್ಲ.

ನಡುಗೋಡೆಯಲ್ಲಿ ನಮ್ಮದೇ ಜೇನುಪೆಟ್ಟಿಗೆಗಳ ಮುಂಬಾಗಿಲು, ನಲವತ್ತು.
ಅಂಗೈಯಗಲ, ಒಂದೂವರೆ ಗೇಣುದ್ದ.
ಸಾಲುಮನೆಯಲ್ಲಿ ಜೇನು ದಾರಿ ತಪ್ಪದಿರಲೆಂದು
ಹಿಂದಿನವರು ಒಂದೊಂದಕ್ಕೂ ಒಂದೊಂದು ಚಿತ್ರ ಬರೆಸಿದರು:
ಬೇಟೆಗಾರನಿಗೆ ಕ್ಷೌರ ಮಾಡುವ ನರಿ,
ಹೆಂಗಸಿನ ನಾಲಿಗೆಯನ್ನು ಸಾಣೆ ಹಿಡಿಯುವ ಸೈತಾನ.
ಸೈತಾನನನ್ನು ಕ್ಲಿನಿಕ್ಕಿನಲ್ಲೇ ತೂಗುಹಾಕಿದ್ದೆ,
ಕುರ್ಚಿಯಲ್ಲಿ ಮಲಗಿದವರಿಗೆ ಕಾಣುವಂತೆ.
ಯಾರೂ ನೋಡಲಿಲ್ಲ.
ನನ್ನ ಮುಂದೆ ಬಾಯಿ ತೆರೆದವರೆಲ್ಲ
ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ನಲವತ್ತೊಂದನೆಯದು ಬೋಹಿನ್ ಕಣಿವೆಯಲ್ಲಿ ಸಿಕ್ಕಿತು,
ಲಿಂಡೆನ್ ಹೂಬಿಟ್ಟ ವಾರ, ಮುದುಕ ಯೆರ್ನೆಯ್‌ನ ಜೇನುಮನೆಯಲ್ಲಿ.
ಕರಡಿಯ ಹಲ್ಲು ಕೀಳುತ್ತಿರುವ ಹೆಂಗಸು!
ಮೂಲೆಯಲ್ಲಿ ಇಸವಿ ೧೮೭೧.
ಎದೆ ಹೊಡೆದುಕೊಂಡರೂ ಮುಖ ತೋರಗೊಡಲಿಲ್ಲ.
ಸೂಜಿ ಇಳಿಸಿದೆ; ಬಳುಕಿತು.
ಅಂಚು ಕೆರೆದೆ; ಮೇಣ, ಅಂಟು, ಮುರಿದ ರೆಕ್ಕೆ.
ಅವನು ಹೇಳಿದ ಬೆಲೆಗೆ ಹತ್ತು ಕಮ್ಮಿ ಮಾಡಿಸಿ
ಕಾರಿನಲ್ಲಿ ಮಗುವಿನಂತೆ ಬೆಲ್ಟು ಕಟ್ಟಿ ತಂದೆ.

ರಾತ್ರಿ ದೀಪದಡಿ ನೋಡುತ್ತೇನೆ:
ಇಕ್ಕಳ ಹಿಡಿದದ್ದು ಎಡಗೈ.
ನಾನು ಎಡಚಿ.
ಕರಡಿಯ ಬಾಯೊಳಗೆ ಇನ್ನಷ್ಟು ಬಗ್ಗಿದೆ, ಹಳೇ ಚಾಳಿ.
ಕೆಳಗೆ, ಬಲಕ್ಕೆ, ಆರನೇ ಹಲ್ಲಿನ ನೆತ್ತಿಯಲ್ಲಿ
ಸಾಸಿವೆಯಷ್ಟು ಬೆಳ್ಳಿಬಣ್ಣ.
೧೮೭೧ರ ಕರಡಿಗೆ
ಫಿಲ್ಲಿಂಗ್ ಹಾಕಿದ ಪುಣ್ಯಾತ್ಗಿತ್ತಿ ಯಾರು?

ಬೆಳಗಾಗುತ್ತಲೇ ಹೊರಟೆ, ಜಗಳವನ್ನು ದಾರಿಯುದ್ದಕ್ಕೂ ಮಸೆಯುತ್ತ.
ಯೆರ್ನೆಯ್ ಹೊಗೆತಿದಿ ಕೆಳಗಿಟ್ಟು ಬಾಯ್ತುಂಬ ನಕ್ಕ.
ಮುಖ ಎಂದೂ ನೆನಪಿರುವುದಿಲ್ಲ ನನಗೆ,
ಬಾಯಿ ಮರೆಯುವುದಿಲ್ಲ:
ರಾದೋವ್ಲಿತ್ಸಾದ ಸರ್ಕಾರಿ ಆಸ್ಪತ್ರೆ, ನನ್ನ ಮೊದಲ ವರ್ಷ,
ಕೈ ನಡುಗುತ್ತಿತ್ತು, ಮೇಲೆ ಕರೆಂಟು ಹೋಗಿತ್ತು.
“ಹಲಗೆ ನಮ್ಮಜ್ಜನದು, ಚಿತ್ರವೆಲ್ಲ ಮಳೆಗೆ ತೊಳೆದುಹೋಗಿತ್ತು.
ಹುಳವೂ ಅಜ್ಜನ ಕಾಲದ್ದೇ.
ನಾಲ್ಕು ಬೇಸಿಗೆ ಜೇನು ಇದೇ ಬಾಗಿಲಲ್ಲಿ ಹೋಗಿ ಬಂದಿದೆ ಡಾಕ್ಟರಮ್ಮ,
ಒಂದೂ ತಕರಾರು ತೆಗೆಯಲಿಲ್ಲ.”
“ಮತ್ತೆ ಇಸವಿ?”
“ಇಸವಿ ಇಲ್ಲದಿದ್ದರೆ ನೀವು ಕೊಳ್ಳುತ್ತಿದ್ದಿರಾ?”

ಮಸೆದದ್ದೆಲ್ಲ ಬಾಯಲ್ಲೇ ಉಳಿಯಿತು.
ದುಡ್ಡು ವಾಪಸು ಕೇಳಲಿಲ್ಲ.
ಆ ಹತ್ತನ್ನು ಮೇಜಿನ ಮೇಲಿಟ್ಟೆ;
ಅವನು ಬೇಡವೆನ್ನಲಿಲ್ಲ.

ಮನೆಗೆ ಬಂದು ದಪ್ಪ ಪುಸ್ತಕದಲ್ಲಿ ಬರೆದುಕೊಂಡೆ:
ನಲವತ್ತೊಂದು. ಸ್ಪ್ರೂಸ್ ಮರ, ಎಣ್ಣೆಬಣ್ಣ.
ಕಾಲ: ಹೇಳಲಾಗದು.
ಬರೆದವನು: ಕುರ್ಚಿಯಲ್ಲಿ ಕಣ್ಣು ತೆರೆದೇ ಇದ್ದವನು.
ಸ್ಥಿತಿ: ಹುಳುಕಿದೆ.
ಫಿಲ್ಲಿಂಗ್ ಗಟ್ಟಿಯಾಗಿದೆ.